ಗೋಲಿಗೆ ಬಳಿದ ಅರಿಶಿನ

ಆ ಸ್ಟೇಡಿಯಂ ನಮಗೆ ಸಿಕ್ಕಿದೆಯೋ ಇಲ್ಲವೋ ಎನ್ನುವುದು ಅದರೊಳಗೆ ಕಾಲಿಟ್ಟ ದಿನವೂ ನನಗೆ ಗೊತ್ತಿರಲಿಲ್ಲ. ಕೇಳಿದವರೆಲ್ಲ ಒಂದೊಂದು ಥರ ಹೇಳುತ್ತಿದ್ದರು. ನನ್ನ ತಲೆ ಮೊದಲೇ ಸ್ವಲ್ಪ ಬಿಸಿ. ಹೌದು ಎನ್ನಿ, ಇಲ್ಲ ಎನ್ನಿ, ಎರಡನ್ನೂ ತಾಳಿಕೊಳ್ಳುತ್ತೇನೆ. ಅರ್ಧಂಬರ್ಧ ಮಾತಾಡಿದರೆ ಮೈಯೆಲ್ಲ ಉರಿಯುತ್ತದೆ.

ಕೊಳ್ಳೇಗಾಲದ ಗಂಡಸರ ಫುಟ್‌ಬಾಲ್ ಕ್ಲಬ್ಬಿನವರು ಬೈಪಾಸ್ ಪಕ್ಕದಲ್ಲಿ ಹೊಸ ಮೈದಾನ ಮಾಡಿಕೊಂಡು ಹೊರಟುಹೋಗಿದ್ದರು. ಅಲ್ಲಿ ಜಮಖಾನೆ ಹಾಸಿದಂಥ ಹುಲ್ಲು, ಎತ್ತರದ ಕಂಬಗಳ ಮೇಲೆ ದೀಪ. ಅವರು ಬಿಟ್ಟುಹೋದ ಹಳೇ ಸ್ಟೇಡಿಯಂ ಇನ್ನು ಮೇಲೆ ಹೆಣ್ಣುಮಕ್ಕಳ ಟೀಮಿಗೆ ಎಂದು ಊರೆಲ್ಲ ಮಾತಾಯಿತು. ಅಲ್ಲಿಯವರೆಗೆ ನಾವು ಆಡುತ್ತಿದ್ದುದು ಸಂತೆಮಾಳದಲ್ಲಿ. ಸಂತೆಯ ಮರುದಿನ ಈರುಳ್ಳಿ ಸಿಪ್ಪೆ, ಕೊಳೆತ ಟೊಮೆಟೊ, ಆಡಿನ ಹಿಕ್ಕೆ ಎಲ್ಲ ಗುಡಿಸಿದ ಮೇಲೇ ಚೆಂಡನ್ನು ಕೆಳಗಿಡಬೇಕಿತ್ತು. ನಾನು ಗೋಲ್‌ಕೀಪರ್, ಬೀಳುವುದೇ ನನ್ನ ಕೆಲಸ. ಆಟ ಮುಗಿಸಿ ಮನೆಗೆ ಹೋಗುವಾಗ ನಾನು ಹೇಗೆ ನಾರುತ್ತಿದ್ದೆ ಎನ್ನುವುದನ್ನು ನಮ್ಮ ಬೀದಿಯ ನಾಯಿಗಳೂ ಬಲ್ಲವು.

ಹಾಗಾಗಿ ನಮ್ಮ ಕೋಚ್ ರಂಗರಾಜು ಮೇಷ್ಟ್ರು "ಸ್ಟೇಡಿಯಂ ನಮ್ದಾಯ್ತು ಕಣ್ರಮ್ಮ" ಎಂದಾಗ ಹುಡುಗಿಯರೆಲ್ಲ ಕುಣಿದರು. ನಾನು ಕುಣಿಯಲಿಲ್ಲ. ಗೇಟಿನ ಬೀಗದಕೈ ಇನ್ನೂ ಗಂಡಸರ ಕ್ಲಬ್ಬಿನ ಅಧ್ಯಕ್ಷ ಕೆಂಪನಂಜಪ್ಪನವರ ಹತ್ತಿರವೇ ಇತ್ತು. ಅವರದು ರೇಷ್ಮೆ ಸೀರೆ ಅಂಗಡಿ. ಒಂದು ಕಾಲದಲ್ಲಿ ಅದೇ ಮೈದಾನದಲ್ಲಿ ಆಡಿದವರು. ಈಗ ಹೊಟ್ಟೆ ಬಂದಿದೆ, ಆದರೆ ನಡಿಗೆಯಲ್ಲಿ ಇನ್ನೂ ಆಟಗಾರನ ಗತ್ತು. ನಾನೇ ಅಂಗಡಿಗೆ ಹೋಗಿ ಕೇಳಿದೆ.

"ಸಾ, ಸ್ಟೇಡಿಯಂ ನಮಗೆ ಕೊಟ್ಟಿದ್ದೀರಾ, ಇಲ್ಲ ಸುಮ್ನೆ ಆಡ್ಕಳಕ್ಕೆ ಬಿಟ್ಟಿದ್ದೀರಾ?"

"ಕೊಟ್ಟಂಗೇ ಅಂತ ಇಟ್ಕಳಮ್ಮ."

"ಹಂಗಂದ್ರೆ?"

"ಭಾನುವಾರ ಹನೂರು ಟೀಮ್ ಜೊತೆ ಮ್ಯಾಚ್ ಅದಲ್ಲ, ಅದು ಮುಗೀಲಿ. ಬೀಗದಕೈ ವಿಚಾರ ಆಮೇಲೆ ನೋಡನ."

ಕೊಟ್ಟ ಹಾಗೆ ಎಂದರೆ ಕೊಟ್ಟದ್ದೋ ಕೊಡದೇ ಇದ್ದದ್ದೋ? ಅಂಗಡಿ ಮೆಟ್ಟಿಲಿಳಿದು ಬರುವಾಗ ನನಗೇ ನನ್ನ ಪ್ರಶ್ನೆ ಮರೆತುಹೋಗಿತ್ತು.

ಆದರೆ ಅಷ್ಟರಲ್ಲಾಗಲೇ ನಾನು ಅಜ್ಜಿಗೆ "ನಮ್ದೇ" ಎಂದು ಹೇಳಿಬಿಟ್ಟಿದ್ದೆ.

ನನ್ನ ಅಜ್ಜಿ ಚಿಕ್ಕಬಸಮ್ಮ ಅಗರದವಳು. ತಾತನ ಅಣ್ಣತಮ್ಮಂದಿರು ಪಾಲಾದಾಗ ಇವರ ಪಾಲಿಗೆ ಕೊಟ್ಟಿಗೆ ಬಂತು, ಆಮೇಲೆ ಅದೂ ಹೋಯಿತು. ಅಲ್ಲಿಂದ ಯಳಂದೂರು, ಯಳಂದೂರಿನಿಂದ ಕೊಳ್ಳೇಗಾಲ. ಇಲ್ಲಿಗೆ ಬಂದ ಮೇಲೆ ತಾತ ಅಕ್ಕಿ ಗಿರಣಿಯ ಕಾವಲಿಗೆ, ನಮ್ಮವ್ವ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ. ಬಾಡಿಗೆ ಮನೆ ಮಾತ್ರ ಬದಲಾಗುತ್ತಲೇ ಇರುತ್ತದೆ. ಮನೆಯ ಒಡೆಯರು ಮಗನ ಮದುವೆ ಅನ್ನುತ್ತಾರೆ, ಮಹಡಿ ಮೇಲೆ ಮಹಡಿ ಕಟ್ಟುತ್ತೇವೆ ಅನ್ನುತ್ತಾರೆ, ನಾವು ಹೊರಡುತ್ತೇವೆ. ಪ್ರತಿ ಸಲವೂ ಅಜ್ಜಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತ "ಯಾಕೆ, ನಾವೇನ್ ತಪ್ಪು ಮಾಡುದ್ವಿ?" ಎಂದು ಕೇಳುತ್ತಾಳೆ. ಹೊಸ ಮನೆಗೆ ಹೋದ ಕೂಡಲೇ ಮೂರು ಕಲ್ಲಿಟ್ಟು ಹಾಲುಕ್ಕಿಸುತ್ತಾಳೆ. ಹೋದ ತಿಂಗಳು ಹಿಡಿದ ಮನೆಯ ಒಡತಿಯಂತೂ ಮೊದಲ ದಿನವೇ ಬಂದು, "ಹೊಸ್ತಿಲಿಗೆ ಅರಿಶಿನ ಗಿರಿಶಿನ ಬಳೀಬೇಡಿ, ಟೈಲ್ಸ್ ಕಲೆಯಾಯ್ತದೆ" ಎಂದು ಹೇಳಿ ಹೋದಳು. ಅವತ್ತಿನಿಂದ ಅಜ್ಜಿ ಹೊಸ್ತಿಲ ಮೇಲೆ ಬರೀ ಒಂದು ಹೂವಿಟ್ಟು ಸುಮ್ಮನಾಗುತ್ತಿದ್ದಳು. ಅದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಸಂಜೆ ತಡೆಯಲಾರದೆ ಹೇಳಿದೆ.

"ಅಜ್ಜಿ, ನಮ್ಮ ಹುಡ್ಗೀರ್ಗೆ ದೊಡ್ಡ ಜಾಗ ಸಿಕ್ಕದೆ. ನಮ್ದೇ. ಅಲ್ಲಿಂದ ಯಾರೂ ನಮ್ಮನ್ನ ಎಬ್ಬುಸಂಗಿಲ್ಲ."

"ಗಂಡಸ್ರು ಬುಟ್ಟೋದ್ರಾ?"

"ಬುಟ್ಟೋದ್ರು."

"ಅಂಗಾರೆ ಆಲುಕ್ಕಿಸ್ದೆ ಎಂಗೆ ಒಳಿಕ್ಕೋದು?" ಎಂದು ಅಜ್ಜಿ ಅವತ್ತೇ ಹೊಸ ಪಾತ್ರೆ ತರಿಸಿದಳು.

ಇದು ನನಗೆ ಬೇಕಿತ್ತಾ? ಭಾನುವಾರದ ಮ್ಯಾಚು ಸೋತರೆ ಸೋತೆವು, ಹನೂರಿನವರೇನು ನಮ್ಮ ಶತ್ರುಗಳಲ್ಲ. ಆದರೆ ಮ್ಯಾಚ್ ಮುಗಿದ ಮೇಲೆ ಕೆಂಪನಂಜಪ್ಪನವರು ಬೀಗದಕೈ ಕೊಡದೇ ಹೋದರೆ, ಅಜ್ಜಿ ತನ್ನ ಗೋಣಿಚೀಲದ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ. ಈ ಸಲ ಉತ್ತರ ಹೇಳಬೇಕಾದವಳು ನಾನು. ನನಗಿದ್ದ ಭಯ ಅದೊಂದೇ.

ಭಾನುವಾರ ಬೆಳಿಗ್ಗೆ ಕೆಂಪನಂಜಪ್ಪನವರೇ ಬಂದು ಗೇಟು ತೆಗೆದರು. ಅಜ್ಜಿ ಪೂಜೆ ಸಾಮಾನಿನ ಚೀಲ ಹಿಡಿದು ಗೇಟಿನ ಹೊರಗೇ ನಿಂತು ಸೂರ್ಯನನ್ನೂ ಗೇಟನ್ನೂ ನೋಡಿದಳು.

"ಇದು ತೆಂಕ್ಲು ಬಾಗ್ಲು. ಈ ಬಾಗ್ಲಲ್ಲಿ ಪೂಜೆ ಆಗಲ್ಲ. ಬೇರೆ ಬಾಗ್ಲು ಇಲ್ವಾ?"

ಬೇರೆ ಬಾಗಿಲು ಹುಡುಕಿಕೊಂಡು ಅಜ್ಜಿ ಒಳಗೆ ಹೊರಟಳು. ಹಿಂದೆ ನಮ್ಮ ಹುಡುಗಿಯರ ಅವ್ವಂದಿರು, ಅತ್ತೆಯಂದಿರು. ಮೊದಲು ಗಂಡಸರು ಬಟ್ಟೆ ಬದಲಾಯಿಸುತ್ತಿದ್ದ ಕೋಣೆ ಸಿಕ್ಕಿತು. ಗೋಡೆಯ ತುಂಬ ಚಡ್ಡಿ ಹಾಕಿ ಕೈಕಟ್ಟಿ ನಿಂತ ಗಂಡಸರ ಫೋಟೋಗಳು. ಪಕ್ಕದ ಬಚ್ಚಲಲ್ಲಿ ಗೋಡೆಗೆ ಸಾಲಾಗಿ ಬಿಳೀ ತೊಟ್ಟಿಗಳು.

"ಕೈ ತೊಳ್ಯ ತೊಟ್ಟಿನ ಇಷ್ಟು ತಗ್ಗಲ್ಲಿ ಯಾಕಿಟ್ಟವ್ರೆ?" ಎಂದು ಅಜ್ಜಿ ಹಾಲಿನ ಪಾತ್ರೆ ತೊಳೆಯಲು ಬಗ್ಗಿದಳು.

ನಾನು ಓಡಿಹೋಗಿ ಅವಳ ಕೈ ಹಿಡಿದೆಳೆದೆ. ಅದು ಏನೆಂದು ಹೇಳಲು ನಾಚಿಕೆಯಾಗಿ, "ಅದು ಗಂಡಸರದ್ದು" ಎಂದಷ್ಟೇ ಹೇಳಿದೆ. ಅರ್ಥವಾದ ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಓಡಿದರು. ಹೆಂಗಸರಿಗೆ ಹೋಗಲು ಆ ಸ್ಟೇಡಿಯಮ್ಮಿನಲ್ಲಿ ಜಾಗವೇ ಇಲ್ಲ ಎಂಬುದು ನಮಗೆಲ್ಲ ತಿಳಿದದ್ದು ಆಗ. ಯಾರಿಗೆ ಹೇಳಬೇಕು, ಯಾರು ಕಟ್ಟಿಸಬೇಕು? ಜಾಗ ನಮ್ಮದಾದರೆ ನಾವು, ಅವರದಾದರೆ ಅವರು. ತಿರುಗಿ ಅದೇ ಪ್ರಶ್ನೆಗೆ ಬಂದು ನಿಂತೆವು.

ಅಷ್ಟರಲ್ಲಿ ಅಜ್ಜಿಗೆ ಬಾಗಿಲು ಸಿಕ್ಕಿಬಿಟ್ಟಿತ್ತು. ಪಡುವಣ ತುದಿಯ ಗೋಲು. ಎರಡು ಕಂಬ, ಮೇಲೊಂದು ಅಡ್ಡ, ಎದುರಿಗೆ ಸರಿಯಾಗಿ ಸೂರ್ಯ. ಬಲೆ ಇನ್ನೂ ಕಟ್ಟಿರಲಿಲ್ಲ.

"ನೋಡು, ಮೂಡ್ಲು ಬಾಗ್ಲು ಇಲ್ಲದೆ. ಸುಮ್ನೆ ಸುತ್ತುಸುದ್ರಿ ನನ್ನ."

"ಅಜ್ಜಿ, ಅದು ಬಾಗ್ಲಲ್ಲ ಕಣೇ, ಗೋಲು."

"ನೀನೇ ಅಂದಲ್ಲವ್ವ, ನಾನು ನಿತ್ಕಂಡು ಕಾಯ ಜಾಗ ಅಂತ. ನಿತ್ಕಂಡು ಕಾಯದು ಬಾಗ್ಲ ತಾನೆ?"

ರಂಗರಾಜು ಮೇಷ್ಟ್ರು ಮುಂಜಾನೆಯೇ ಸುಣ್ಣದ ಪುಡಿಯಿಂದ ಗೋಲಿನ ಗೆರೆ ಎಳೆಸಿದ್ದರು. ಅದನ್ನು ನೋಡಿ ಅಜ್ಜಿ, "ಯಾರೋ ಒಂದೆಳೆ ರಂಗೋಲಿ ಬುಟ್ಟು ಅಂಗೇ ಎದ್ದೋಗವ್ರೆ, ಸೋಂಬೇರಿಗಳು" ಎಂದು ಬೈದು ಕೂತಳು. ಬಟ್ಟಲಲ್ಲಿ ಅರಿಶಿನ ಕಲಸಿದಳು. ಈ ಕಂಬದಿಂದ ಆ ಕಂಬದವರೆಗೆ ಗೆರೆಯ ಉದ್ದಕ್ಕೂ ಎರಡೂ ಕೈಯಲ್ಲಿ ಬಳಿದಳು. ಅಷ್ಟು ಅಗಲದ ಹೊಸ್ತಿಲು ಅವಳ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮಂಡಿ ನೋವು ಎನ್ನುವವಳು ಒಂದು ಸಲವೂ ಮೇಲೇಳದೆ ಸರಿದುಕೊಂಡೇ ಹೋದಳು. ಕುಂಕುಮವಿಟ್ಟು, ಹೂವಿಟ್ಟು, ಕಂಬಗಳಿಗೆ ಮಾವಿನೆಲೆ ಕಟ್ಟಿಸಿ, ಗೋಲಿನ ಹಿಂದೆ ಹಾಲುಕ್ಕಿಸಲು ಮೂರು ಇಟ್ಟಿಗೆಯ ಒಲೆ ಹೂಡಿಸಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ನಿಲ್ಲುವ ಜಾಗ ಅದು, ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನಿಟ್ಟು, "ಯಾರವ್ವ ಈ ಮನೆಗೆ ದೊಡ್ಡೋಳು? ಬಲಗಾಲಲ್ಲಿ ಸೇರು ಒದ್ದು ಒಳಿಕ್ಕೆ ಬರ್ಲಿ" ಎಂದಳು. ಎಲ್ಲರೂ ನಮ್ಮ ಕ್ಯಾಪ್ಟನ್ ಯಶೋದಳನ್ನು ಮುಂದಕ್ಕೆ ತಳ್ಳಿದರು. ಯಶೋದ ನಮ್ಮ ಟೀಮಿನಲ್ಲಿ ಮುಂದೆ ಆಡುವವಳು, ಗೋಲು ಹೊಡೆಯುವವಳು. ಅವಳ ಆಟವೆಲ್ಲ ಎಡಗಾಲಲ್ಲಿ.

"ಮೆಲ್ಲಗೆ ಕಣವ್ವ, ಸುಮ್ನೆ ಹೆಬ್ಬೆಟ್ಟು ತಾಕುಸು ಸಾಕು."

"ಮೆಲ್ಲಗೆ ಒದಿಯದು ನಂಗೆ ಬರಲ್ಲ ಕಣಜ್ಜಿ" ಎಂದು ಯಶೋದ ಮೊದಲೇ ಹೇಳಿದಳು. ಬಲಗಾಲಿನ ಅಂದಾಜು ಅವಳಿಗಿಲ್ಲ. ಸೇರು ಹಾರಿಹೋಗಿ ಒಲೆಯ ಇಟ್ಟಿಗೆಗೆ ಬಡಿದು ಸೊಟ್ಟಗಾಯಿತು. ಅಕ್ಕಿ ಗೋಲಿನ ಒಳಗೆಲ್ಲ ಚೆಲ್ಲಿತು. ನಾವು ಹೆದರಿ ನಿಂತರೆ ಅಜ್ಜಿ ಚಪ್ಪಾಳೆ ತಟ್ಟಿದಳು. "ಎಷ್ಟು ಒಳಿಕ್ಕೆ ಬಂದ್ರೆ ಅಷ್ಟು ಒಳ್ಳೇದು ಕಣ್ರವ್ವ. ಒಳಿಕ್ಕೆ ಬರದೆಲ್ಲ ಲಕ್ಷ್ಮಿ." ಹೆಂಗಸರೆಲ್ಲ ತಲೆಯಾಡಿಸಿದರು.

ಹಾಲು ಮೂಡಲಿಗೇ ಉಕ್ಕಿತು. ಅಜ್ಜಿ ಬೆಲ್ಲ ಹಾಕಿ ಎಲ್ಲರಿಗೂ ಲೋಟಕ್ಕೆ ಬಗ್ಗಿಸಿದಳು. ಕೆಂಪನಂಜಪ್ಪನವರು ಚಪ್ಪಲಿ ಬಿಟ್ಟು ಬಂದು ಲೋಟ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಕುಡಿದರು. "ಮೂಡ್ಲಿಗೇ ಉಕ್ತಲ್ಲವ್ವ, ಒಳ್ಳೇದಾಯ್ತದೆ" ಎಂದರು. ಲೋಟ ಕೆಳಗಿಡಲು ಬಗ್ಗಿದಾಗ ಅವರ ಅಂಗಿ ಜೇಬಿನಲ್ಲಿ ಬೀಗದಕೈ ಗೊಂಚಲು ಸದ್ದು ಮಾಡಿತು. ಕೊಡುತ್ತಾರೇನೋ ಎಂದುಕೊಂಡೆ. ಅವರು ಹೋಗಿ ಕುರ್ಚಿಯಲ್ಲಿ ಕೂತರು.

ಮಧ್ಯಾಹ್ನ ಇಳಿದ ಮೇಲೆ, ಬಲೆ ಕಟ್ಟುವ ಹೊತ್ತಿಗೆ ಹನೂರಿನ ಟೀಮಿನ ವ್ಯಾನು ಬಂತು. ರೆಫರಿ ಗೋಲಿನ ಹತ್ತಿರ ಬಂದು ಹಳದಿ ಗೆರೆ ನೋಡಿ, "ಏನ್ರೀ ಇದು, ಗೆರೆ ಬಿಳೀ ಇರ್ಬೇಕಲ್ವಾ?" ಎಂದು ಕೇಳಿದ. "ಪೂಜೆ ಮಾಡವ್ರೆ ಸಾ" ಎಂದರು ಮೇಷ್ಟ್ರು. ರೆಫರಿ ಅರೆಗಳಿಗೆ ಯೋಚಿಸಿ, ಟೋಪಿ ತೆಗೆದು ಕೈಮುಗಿದು, ಅಡ್ಡಕಂಬಕ್ಕೆ ತಾಕುತ್ತಿದ್ದ ಮಾವಿನೆಲೆ ಮಾತ್ರ ಬಿಚ್ಚಿಸಿ ಹೋದ.

ನನ್ನ ಗ್ರಹಚಾರ ಶುರುವಾದದ್ದು ಆಮೇಲೆ. ಟಾಸ್ ಆಗಿ ನಮಗೆ ಅದೇ ಗೋಲು ಬಂತು. ಗ್ಲೌಸ್ ಹಾಕಿಕೊಂಡು ಗೋಲಿಗೆ ಹೋದೆ. ಗೆರೆಯ ಮೇಲೆ ಕಾಲಿಡಬೇಕು. ಕಾಲು ಇಳಿಯಲಿಲ್ಲ.

ನಗಬೇಡಿ. ಹುಟ್ಟಿದಾಗಿನಿಂದ ಕೇಳಿದ್ದು ಅದೇ ಮಾತು: ಹೊಸ್ತಿಲು ತುಳೀಬೇಡ, ಹೊಸ್ತಿಲ ಮೇಲೆ ನಿಲ್ಲಬೇಡ, ಹೊಸ್ತಿಲ ಮೇಲೆ ಕೂತರೆ ಮನೆಗಾಗಲ್ಲ. ಚಿಕ್ಕವಳಿದ್ದಾಗ ತುಳಿದು ಎಷ್ಟು ಮೊಟಕಿಸಿಕೊಂಡಿದ್ದೇನೋ. ಈಗ ಅದೇ ಅಜ್ಜಿ ಅರಿಶಿನ ಕುಂಕುಮ ಇಟ್ಟ ಗೆರೆಯ ಮೇಲೆ ಮುಳ್ಳಿನ ಬೂಟು ಹಾಕಿ ನಿಲ್ಲು ಎಂದರೆ ಹೇಗೆ ನಿಲ್ಲಲಿ? ಅಜ್ಜಿ ಗೋಲಿನ ಪಕ್ಕದ ಮೆಟ್ಟಿಲ ಮೇಲೇ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಎರಡು ಹೆಜ್ಜೆ ಮುಂದಕ್ಕೆ ಹೋಗಿ ನಿಂತೆ.

ತಮಾಷೆ ಏನೆಂದರೆ, ಮೇಷ್ಟ್ರು ವರ್ಷಗಳಿಂದ ನನಗೆ ಹೇಳುತ್ತಿದ್ದುದೂ ಅದನ್ನೇ. ನಾನು ಗೆರೆಗೆ ಅಂಟಿಕೊಂಡು ನಿಲ್ಲುವವಳು. "ಗೆರೆಗೇನು ಗೋಂದು ಹಚ್ಚವ್ರಾ? ಮುಂದಕ್ಕೆ ಬಾ ಆಶಾರಾಣಿ!" ಎಂದು ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಅವತ್ತು ನಾನು ಮುಂದೆ ನಿಂತದ್ದನ್ನು ನೋಡಿ ಅವರು ಕುರ್ಚಿಯಿಂದ ಎದ್ದುಬಿಟ್ಟರು. ಹನೂರಿನವರು ನುಗ್ಗಿದಾಗಲೆಲ್ಲ ನಾನು ಮೊದಲೇ ಮುಂದಿದ್ದೆ, ಚೆಂಡು ನನ್ನ ಕೈಗೇ ಬರುತ್ತಿತ್ತು. "ಭೇಷ್! ಈಗ ಕಲ್ತಲ್ಲವ್ವ!" ಎಂದು ಮೇಷ್ಟ್ರು ಕೂಗಿದರು. ನಾನು ಏನು ಕಲಿತೆನೆಂದು ನನಗೆ ಗೊತ್ತಾಗಲಿಲ್ಲ.

ಆಮೇಲೆ ಹನೂರಿನ ಹುಡುಗಿಯೊಬ್ಬಳು ದೂರದಿಂದಲೇ ಚೆಂಡನ್ನು ಎತ್ತಿ ಹೊಡೆದಳು. ಅದು ನನ್ನ ತಲೆಯ ಮೇಲೆ ಹೋಯಿತು. ನಾನು ಹಿಮ್ಮುಖವಾಗಿ ಓಡಿದೆ. ಗೆರೆಯ ಮೇಲೊಂದು ಕಾಲೂರಿ ಹಾರಿದ್ದರೆ ಖಂಡಿತ ಕೈಗೆ ಸಿಗುತ್ತಿತ್ತು. ಅಲ್ಲಿಗೆ ಬಂದಾಗ ಕಾಲು ತನ್ನಷ್ಟಕ್ಕೇ ಎತ್ತಿಕೊಂಡಿತು. ಹೊಸ್ತಿಲು ದಾಟುವ ಹಾಗೆ ಗೆರೆ ದಾಟಿದೆ, ಅದೂ ಬಲಗಾಲಿಟ್ಟು. ಚೆಂಡಿನ ಜೊತೆ ನಾನೂ ಬಲೆಯೊಳಗೆ ಹೋಗಿ ಬಿದ್ದೆ.

ಮೆಟ್ಟಿಲ ಮೇಲಿಂದ ಚಪ್ಪಾಳೆಯೋ ಚಪ್ಪಾಳೆ. ಹನೂರಿನವರ ಕಡೆಯವರು ಎಂದುಕೊಂಡು ತಲೆಯೆತ್ತಿದರೆ, ನಮ್ಮವರೇ! ನಮ್ಮ ಹುಡುಗಿಯರ ಅವ್ವಂದಿರೆಲ್ಲ ಎದ್ದು ನಿಂತು ತಟ್ಟುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಒಂದು ಮ್ಯಾಚನ್ನೂ ನೋಡಿದವರಲ್ಲ. ಅವರ ನಡುವೆ ಅಜ್ಜಿ, "ಒಳಿಕ್ಕೆ ಬತ್ತು, ಒಳಿಕ್ಕೆ ಬತ್ತು!" ಎಂದು ಸಂಭ್ರಮ ಪಡುತ್ತಿದ್ದಾಳೆ. ಹನೂರಿನ ಹುಡುಗಿಯರು ಕುಣಿಯುವುದನ್ನು ನಿಲ್ಲಿಸಿ ಕಕ್ಕಾಬಿಕ್ಕಿಯಾಗಿ ನೋಡಿದರು. ಯಶೋದ ನನ್ನ ಹತ್ತಿರ ಓಡಿಬಂದು, "ಏನ್ಲೇ ನಿಮ್ಮಜ್ಜಿ ಅವ್ರ ಕಡೀಕೆ ಸೇರ್ಕಂಡ್ಬುಟ್ಲಾ?" ಎಂದಳು. ನಾನು ಬೂಟಿನ ದಾರ ಕಟ್ಟುವ ಹಾಗೆ ತಲೆ ತಗ್ಗಿಸಿದೆ.

ಅರ್ಧ ಆಟ ಮುಗಿಯಿತು. ಇನ್ನರ್ಧಕ್ಕೆ ಎರಡೂ ಟೀಮು ಕಡೆ ಬದಲಾಯಿಸಬೇಕು. ಇದು ನನಗೆ ಉಸಿರಾಡುವಷ್ಟು ಮಾಮೂಲಿ. ಅಜ್ಜಿಗೆ ಮೊದಲೇ ಹೇಳಬೇಕು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ನೀರಿನ ಬಾಟಲಿ, ಟವೆಲ್ಲು, ಇನ್ನೊಂದು ಜೊತೆ ಗ್ಲೌಸು ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ನಾನು ಆ ಕಡೆ ಹೊರಟೆ. ಅಜ್ಜಿ ಮೆಟ್ಟಿಲಿಳಿದು ಬಂದು ಅಡ್ಡ ನಿಂತಳು.

"ಗಂಟು ಮೂಟೆ ಕಟ್ಕಂಡು ಎಲ್ಲಿಗ್ ಓಯ್ತಿದ್ದೀಯೆ?"

"ಆ ತುದಿಗೆ ಕಣಜ್ಜಿ. ಇನ್ನರ್ಧ ಅಲ್ಲಿ ನಿಂತ್ಕಬೇಕು."

"ಮತ್ತೆ ಈ ಮನೆ?"

"ಇಲ್ಲಿ ಹನೂರೋರು ನಿತ್ಕತಾರೆ."

ಅಜ್ಜಿಯ ಮುಖ ಇಳಿದುಹೋಯಿತು. ಅವಳ ಬೆರಳ ಸಂದಿಯಿಂದ ಅರಿಶಿನ ಇನ್ನೂ ಹೋಗಿರಲಿಲ್ಲ.

"ಯಾಕೆ? ನಾವೇನ್ ತಪ್ಪು ಮಾಡುದ್ವಿ?"

"ತಪ್ಪೇನಿಲ್ಲ ಅಜ್ಜಿ. ರೂಲ್ಸ್ ಅಂಗದೆ."

"ಮನೆ ಬುಡ್ಸೋರ್ಗೆಲ್ಲ ಒಂದು ರೂಲ್ಸು ಇದ್ದೇ ಇರ್ತದೆ ಕಣವ್ವ" ಎಂದಳು ಅಜ್ಜಿ. "ಅರ್ಧ ದಿನಾನೂ ಇರಕ್ಕೆ ಬುಡ್ನಿಲ್ವಲ್ಲ."

ರೆಫರಿ ಸೀಟಿ ಊದಿದ. ಮೇಷ್ಟ್ರು ನನ್ನ ಹೆಸರು ಹಿಡಿದು ಕೂಗಿದರು. ಅಜ್ಜಿಯನ್ನು ಅಲ್ಲೇ ಬಿಟ್ಟು ಓಡಿದೆ. ಓಡುತ್ತ ಓಡುತ್ತ ನನಗೆ ಅಳು ಬಂತು. ಗೋಲು ಬಿಟ್ಟುಕೊಟ್ಟದ್ದಕ್ಕೆ ಬಂದ ಅಳು ಎಂದು ತಿಳಿದು ಯಶೋದ ಬೆನ್ನು ತಟ್ಟಿದಳು.

ಆ ತುದಿಯಲ್ಲಿ ನಿಂತು ನಾನು ಚೆಂಡನ್ನು ನೋಡಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದೆ. ಹನೂರಿನ ಗೋಲ್‌ಕೀಪರ್ ಭವ್ಯಶ್ರೀ ಎಂಬ ಹುಡುಗಿ, ಬಂಡಳ್ಳಿಯವಳು. ಬೂಟು ಹಾಕಿಕೊಂಡು ನೇರ ಗೋಲಿನ ಕಡೆ ನಡೆದಳು. ತುಳಿದೇ ತುಳಿಯುತ್ತಾಳೆ, ಅಜ್ಜಿ ನೋಡುತ್ತಾಳೆ ಎಂದು ನಾನು ಹಲ್ಲು ಕಚ್ಚಿದೆ. ಅವಳು ಗೆರೆಯ ಹತ್ತಿರ ಹೋಗಿ ಗಕ್ಕನೆ ನಿಂತಳು. ಬಗ್ಗಿ ನೋಡಿದಳು. ರೆಫರಿಯನ್ನು ಕರೆದು ಏನೋ ಕೇಳಿದಳು. ಏನು ಕೇಳಿದಳೆಂದು ಆಮೇಲೆ ಅವಳೇ ನನಗೆ ಹೇಳಿದಳು.

"ಸಾ, ಇದು ಪೂಜೆ ಮಾಡಿರ ಒಸ್ಲು. ನಾನೆಂಗೆ ತುಳಿಯದು?" ಎಂದಿದ್ದಳಂತೆ.

ರೆಫರಿ ಎರಡೂ ಕೈ ಮೇಲೆತ್ತಿ ಹೊರಟುಹೋದ. ಭವ್ಯಶ್ರೀ ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನಾನು ನಿಂತಿದ್ದಲ್ಲಿಯೇ, ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಪಕ್ಕದವಳ ಹತ್ತಿರ ಅವಳು, "ಬಂದೋಳು ಒಳ್ಳೆ ಮನೆ ಕೂಸು, ನೋಡವ್ವ" ಎಂದಳಂತೆ.

ಒಳ್ಳೆ ಮನೆ ಕೂಸಿಗೆ ಆದದ್ದೂ ನನಗಾದದ್ದೇ. ಆಟ ಮುಗಿಯುತ್ತ ಬಂದಾಗ ಯಶೋದ ತನ್ನ ಎಡಗಾಲಲ್ಲಿ ಚೆಂಡನ್ನು ಎತ್ತಿ ಹೊಡೆದಳು. ಅದು ಭವ್ಯಶ್ರೀಯ ತಲೆ ದಾಟಿತು. ಅವಳು ಹಿಂದಕ್ಕೆ ಓಡಿ, ಗೆರೆಯ ಹತ್ತಿರ ಕಾಲೆತ್ತಿ, ಚೆಂಡಿನ ಜೊತೆ ಒಳಗೆ ಹೋದಳು. ಮೆಟ್ಟಿಲ ಮೇಲೆ ಮತ್ತೆ ಅದೇ ಚಪ್ಪಾಳೆ, ಅದೇ "ಒಳಿಕ್ಕೆ ಬತ್ತು!" ಈ ಸಲ ನಮ್ಮ ಹುಡುಗಿಯರೂ ಕುಣಿದರು. ಹನೂರಿನವರು ಮಾತ್ರ, ಈ ಹೆಂಗಸರು ಯಾರ ಕಡೆ ಎಂದು ತಿಳಿಯದೆ ಬಾಯಿ ಬಿಟ್ಟುಕೊಂಡು ನಿಂತರು.

ಒಂದೊಂದು ಗೋಲಿಗೆ ಆಟ ಮುಗಿಯಿತು. ಹನೂರಿನವರು ವ್ಯಾನು ಹತ್ತಿದರು, ನಮ್ಮ ಹೆಂಗಸರೂ ಒಬ್ಬೊಬ್ಬರಾಗಿ ಮನೆಗೆ ಹೊರಟರು. ಅಜ್ಜಿ ಗೋಲಿನ ಹತ್ತಿರ ಕೂತು ಬಲೆಯೊಳಗೆ ಚೆಲ್ಲಿದ್ದ ಅಕ್ಕಿಯನ್ನು ಸೊಟ್ಟ ಸೇರಿಗೆ ಆರಿಸುತ್ತಿದ್ದಳು.

"ಎಷ್ಟಾಯ್ತವ್ವ?"

"ಅವರ್ದೊಂದು, ನಮ್ದೊಂದು."

"ಅದೆಂಗೆ? ಎಲ್ಡೂ ನಮ್ಮನೆಗೇ ಬಂದ್ವಲ್ಲ, ನಾನೇ ನೋಡ್ನಿಲ್ವಾ?"

ಅವಳ ಲೆಕ್ಕವನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಗೇಟಿನ ಕಡೆಯಿಂದ ಕೆಂಪನಂಜಪ್ಪನವರು ಬಂದರು. ಕೈಯಲ್ಲಿ ದಪ್ಪ ಬೀಗ.

"ಚೆನ್ನಾಗ್ ಆಡುದ್ರಿ ಕಣ್ರಮ್ಮ. ಸರಿ, ಎಲ್ಲ ಹೊರಿಕ್ಕೆ ಬನ್ನಿ, ಬೀಗ ಹಾಕ್ಬೇಕು."

"ಸಾ, ಬೀಗದಕೈ..." ಎಂದರು ರಂಗರಾಜು ಮೇಷ್ಟ್ರು.

"ಕಮಿಟಿಯೋರು ಕೂತು ಮಾತಾಡ್ಬೇಕು ಮೇಷ್ಟ್ರೇ. ಸ್ವಲ್ಪ ದಿನ ನೋಡನ. ನಿಮಗೆ ಯಾವಾಗ ಬೇಕೋ ಆವಾಗ ಅಂಗಡಿಗೆ ಬಂದು ಇಸ್ಕಂಡು ಹೋಗಿ. ನಾನೇನು ಇಲ್ಲ ಅಂತೀನಾ?"

ಮೇಷ್ಟ್ರು ನೆಲ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ದಿನಾ ಅಂಗಡಿ ಮೆಟ್ಟಿಲಲ್ಲಿ ನಿಂತು, ಸೀರೆ ಕೊಳ್ಳುವವರ ಮಧ್ಯೆ ಕೈಯೊಡ್ಡಿ, ಸಂಜೆ ವಾಪಸ್ ಕೊಟ್ಟು ಬರಬೇಕಾ? ಇದಕ್ಕಿಂತ ಸಂತೆಮಾಳವೇ ವಾಸಿ, ಅಲ್ಲಿ ಬೀಗವೇ ಇಲ್ಲ ಎಂದು ಬಾಯಿ ತೆರೆದೆ. ಅಜ್ಜಿ ತಲೆಯೆತ್ತಿ ನೋಡಿದ್ದು ಕಂಡು ಬಾಯಿ ಮುಚ್ಚಿದೆ. ಈಗ ಕೇಳುತ್ತಾಳೆ, ನಾವೇನು ತಪ್ಪು ಮಾಡಿದೆವು ಎಂದು ಈಗ ಕೇಳುತ್ತಾಳೆ.

ಅಜ್ಜಿ ಅದನ್ನು ಕೇಳಲಿಲ್ಲ.

"ಬೀಗನಾ ಬುದ್ದಿ? ಇವತ್ತಾ?" ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ಬೆಳಿಗ್ಗೆ ತಾನೆ ಆಲುಕ್ಕಿಸಿವ್ನಿ. ಆಲುಕ್ಕಿಸ್ದ ಮನೆಗೆ ಅವತ್ತೇ ಬೀಗ ಆಕದುಂಟಾ?"

"ಇದು ಮನೆಯಲ್ಲ ಕಣವ್ವ. ಸ್ಟೇಡಿಯಂ."

"ನೀವೂ ಕಣ್ಗೊತ್ಕಂಡು ಆಲು ಕುಡುದ್ರಲ್ಲ ಬುದ್ದಿ."

ಕೆಂಪನಂಜಪ್ಪನವರು ಬೀಗವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ನೀವು ಒಸಾ ಮನೆ ಕಟ್ಟುಸುದ್ರಿ ಅಂತ ಕೇಳಿವ್ನಿ. ಒಳಿಕ್ಕಾದ ದಿವ್ಸ ಎಲ್ಲಿ ಮಲ್ಗಿದ್ರಿ ಬುದ್ದಿ?"

"ಅಲ್ಲೇ" ಎಂದರು. "ಗಾರೆ ಇನ್ನೂ ಒಣಗಿರ್ನಿಲ್ಲ. ಕಿಟಕಿ ಕೂರ್ಸಿರ್ನಿಲ್ಲ. ಸೊಳ್ಳೆ ಅಂದ್ರೆ ಸೊಳ್ಳೆ. ನಮ್ಮವ್ವ ಬಿಡ್ನಿಲ್ಲ. ಅವತ್ತು ದೀಪ ಆರ್ಬಾರ್ದು, ಬೀಗ ಬೀಳ್ಬಾರ್ದು ಅಂದ್ಲು."

"ಮತ್ತೆ?" ಎಂದಳು ಅಜ್ಜಿ.

ಅವರು ಗೋಲನ್ನು ನೋಡಿದರು, ಹಳದಿ ಗೆರೆಯನ್ನು ನೋಡಿದರು, ಬಲೆಯ ಹಿಂದೆ ಮಸಿಯಾದ ಇಟ್ಟಿಗೆಗಳನ್ನು ನೋಡಿದರು. ಮಾತು ಅಲ್ಲಿಗೆ ಮುಗಿದಿತ್ತು. ಕಮಿಟಿಗಾದರೆ ಅವರು ಎಷ್ಟು ಬೇಕಾದರೂ ಉತ್ತರ ಹೇಳುತ್ತಿದ್ದರು. ಹಾಲುಕ್ಕಿಸಿದ ಮನೆಗೆ ಹಾಲು ಕುಡಿದವರೇ ಬೀಗ ಹಾಕಿದರು ಎಂದು ಊರಲ್ಲಿ ಒಂದು ಮಾತು ಹುಟ್ಟಿದರೆ ಅದಕ್ಕೆ ಏನು ಹೇಳುತ್ತಾರೆ? ಗೊಂಚಲಿನಿಂದ ಒಂದು ಬೀಗದಕೈಯನ್ನು ಬಿಡಿಸಿದರು. ಯಾರಿಗೆ ಕೊಡಬೇಕೆಂದು ಅವರಿಗೂ ತಿಳಿಯಲಿಲ್ಲ. ಮೇಷ್ಟ್ರ ಕಡೆ ಚಾಚಿದರು, ಅಜ್ಜಿಯ ಕಡೆ ಚಾಚಿದರು.

"ಅವ್ಳ ಕೈಲಿ ಕೊಡಿ" ಎಂದು ಅಜ್ಜಿ ನನ್ನನ್ನು ತೋರಿಸಿದಳು. "ಬಾಗ್ಲು ಕಾಯೋಳು ಅವ್ಳೇ ತಾನೆ."

ಬೀಗವೂ ಬೀಗದಕೈಯೂ ನನ್ನ ಗ್ಲೌಸಿನೊಳಗೆ ಬಂದವು. "ನಾಳೆ ಬೆಳಿಗ್ಗೆ..." ಎಂದು ಕೆಂಪನಂಜಪ್ಪನವರು ಶುರುಮಾಡಿದರು.

"ನಾಳೆ ಬನ್ನಿ ಬುದ್ದಿ. ಕಾಪಿ ಕುಡ್ಕಂಡು ಓಗೀರಿ" ಎಂದಳು ಅಜ್ಜಿ.

ಅವರು ಮಾತು ಮುಗಿಸದೆ ಹೊರಟುಹೋದರು. ನಾಳೆ ವಾಪಸ್ ಕೊಡಿ ಎನ್ನಲು ಹೊರಟಿದ್ದರೋ, ನಾಳೆ ಬೆಳಿಗ್ಗೆ ಪ್ರಾಕ್ಟೀಸ್ ಶುರುಮಾಡಿ ಎನ್ನಲು ಹೊರಟಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬೀಗದಕೈ ಮಾತ್ರ ನನ್ನ ಹತ್ತಿರವೇ ಇದೆ.

ಆ ರಾತ್ರಿ ಅಲ್ಲೇ ಮಲಗುವುದೆಂದು ಯಶೋದ ಚಾಪೆ ತರಲು ಮನೆಗೆ ಓಡಿದಳು. ಅಜ್ಜಿ ಬಲೆಯ ಒಳಗೆ ದೀಪ ಹಚ್ಚಿ, ಗಾಳಿಗೆ ಇಟ್ಟಿಗೆ ಅಡ್ಡ ಇಟ್ಟಳು. ಆಮೇಲೆ ಸಂಕೋಚದಿಂದ, ಮೆಲ್ಲಗೆ ಕೇಳಿದಳು.

"ಮುಂದಿನ ಸಲಾನೂ ಅರ್ಧಕ್ಕೇ ಎಬ್ಬುಸ್ತಾರಾ ನಿನ್ನ?"

"ಪ್ರತಿ ಸಲಾನೂ ಕಣಜ್ಜಿ. ಅರ್ಧ ಈ ಕಡೆ, ಅರ್ಧ ಆ ಕಡೆ. ಎಬ್ಬುಸದಲ್ಲ ಅದು. ಎರಡೂ ನಮ್ದೇ."

"ಎಲ್ಡೂವಾ?"

"ಎರಡೂ."

ಅಜ್ಜಿ ಮೈದಾನದ ಆ ತುದಿಯನ್ನು ನೋಡಿದಳು. ಮಬ್ಬು ಬೆಳಕಿನಲ್ಲಿ ಅಲ್ಲಿ ಎರಡು ಕಂಬ, ಮೇಲೊಂದು ಅಡ್ಡ, ಕೆಳಗೆ ಬರೀ ಬಿಳೀ ಗೆರೆ.

"ಮೊದ್ಲೇ ಏಳ್ಬಾರ್ದಾ ಮುಂಡೇದೆ" ಎಂದು ಬೈದು, ಮಂಡಿ ಹಿಡಿದುಕೊಂಡು ಎದ್ದಳು. ಅರಿಶಿನದ ಬಟ್ಟಲನ್ನು ಕೈಗೆ ತೆಗೆದುಕೊಂಡಳು. "ನಡಿ, ಬೆಳ್ಕಿರುವಾಗ್ಲೇ ಆ ಒಸ್ಲುಗೂ ಬಳ್ದುಬುಡನ."

ಅದು ಪಡುವಣಕ್ಕೆ ಮುಖ ಮಾಡಿದ ಬಾಗಿಲು, ಆಗುತ್ತದಾ ಎಂದು ನಾನು ಕೇಳಲಿಲ್ಲ. ಅವಳು ಇಡೀ ಮೈದಾನ ನಡೆದು ಹೋಗಿ ಗೆರೆಯ ಮುಂದೆ ಕೂತಳು. ಈ ಕಂಬದಿಂದ ಆ ಕಂಬದವರೆಗೆ, ಎರಡೂ ಕೈಯಲ್ಲಿ, ಬಟ್ಟಲು ಖಾಲಿಯಾಗುವ ತನಕ ಬಳಿದಳು. ಕಲೆಯಾಗುತ್ತದೆ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.